ಹಳೆಯ ಜಿಪ್ಸಿಗೆ ಮರುಕಳಿಸುವ ತುಕ್ಕು: ನೀರಿನ ದಾರಿ ಹುಡುಕುವುದರಿಂದ ಆರಂಭಿಸಿ

ನನ್ನ ಹಳೆಯ ಮಾರುತಿ ಜಿಪ್ಸಿಯಲ್ಲಿ ಚಾಲಕನ ಕಾಲಡಿಯ ತಗಡಿಗೆ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ತೇಪೆ ಹಾಕಿಸಬೇಕಾಯಿತು. ಮೊದಲೆರಡು ಬಾರಿ ಟಿಂಕರಿಂಗ್ ಕೆಲಸವೇ ಕಳಪೆಯೆಂದು ಗೊಣಗಿದೆ. ಮೂರನೆಯ ಬಾರಿ ಮನೆಯವರು ಮುಂಗಾಜಿನ ಬುಡಕ್ಕೆ ನಿಧಾನವಾಗಿ ನೀರು ಸುರಿಯುತ್ತಿದ್ದಾಗ ನಾನು ಒಳಗೆ ಟಾರ್ಚ್ ಹಿಡಿದು ಕುಳಿತೆ. ಪೆಡಲುಗಳ ಹಿಂದಿನಿಂದ ನೀರು ಗೆರೆಯಾಗಿ ಇಳಿದು ಮ್ಯಾಟಿನ ಕೆಳಗೆ ಸೇರುವುದು ಆಗ ಕಣ್ಣಿಗೆ ಬಿತ್ತು. ಬೀದಿಯ ಗುಲ್‌ಮೊಹರ್ ಮರದ ಪುಡಿ ಎಲೆಗಳು ಬಾನೆಟ್ಟಿಗೂ ಗಾಜಿಗೂ ನಡುವಿನ ಗಾಳಿಜಾಲರಿಯೊಳಗೆ ಸೇರಿ, ನೀರು ಹೊರಹೋಗುವ ಕಂಡಿಯನ್ನು ಮುಚ್ಚಿದ್ದವು. ಅದನ್ನು ಬಿಡಿಸದೆ ಎಷ್ಟು ತೇಪೆ ಹಾಕಿಸಿದ್ದರೂ ಫಲವಿರುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಸಮುದ್ರವಿಲ್ಲ, ಹಾಗಾಗಿ ತುಕ್ಕಿನ ಭಯವಿಲ್ಲ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಆ ಕೆಲಸವನ್ನು ಚುರುಕುಗೊಳಿಸುತ್ತದೆ, ಅಷ್ಟೆ. ಜೂನ್‌ನಿಂದ ನವೆಂಬರ್‌ವರೆಗೆ ಆಗಾಗ ಬೀಳುವ ಮಳೆ, ಅದರಲ್ಲೂ ಸೆಪ್ಟೆಂಬರ್–ಅಕ್ಟೋಬರ್‌ನ ಸಂಜೆಮಳೆ, ಬೀದಿಯಲ್ಲೇ ನಿಲ್ಲುವ ಗಾಡಿಯನ್ನು ಒಣಗಲು ಬಿಡುವುದಿಲ್ಲ. ವಾಟರ್ ಸರ್ವಿಸ್‌ಗೆ ಬಳಸುವ ಬೋರ್‌ವೆಲ್ ನೀರಿನಲ್ಲಿ ಲವಣಗಳಿರುವುದುಂಟು. ಇದರ ಮೇಲೆ ವರ್ಷಕ್ಕೊಮ್ಮೆ ಮರವಂತೆಯದೋ ಗೋಕರ್ಣದ್ದೋ ಮರಳಿನಲ್ಲಿ ಗಾಡಿ ಓಡಿಸಿ, ಬಂದವರು ಹಾಗೆಯೇ ನಿಲ್ಲಿಸಿಬಿಟ್ಟರೆ, ಉಳಿದದ್ದನ್ನು ಉಪ್ಪು ಮುಗಿಸುತ್ತದೆ.

ಪರೀಕ್ಷೆಗೆ ಒಂದು ಇಡೀ ದಿನ ಮೀಸಲಿಡಬೇಕು. ಆಸನ, ಮ್ಯಾಟು, ನೆಲಕ್ಕೆ ಅಂಟಿಸಿದ ಡಾಂಬರಿನ ಹಾಳೆ ಎಲ್ಲವನ್ನೂ ತೆಗೆಯಬೇಕು. ಸದ್ದು ತಡೆಯಲೆಂದು ಹಾಕುವ ಆ ಹಾಳೆ ಅಂಚಿನಲ್ಲಿ ಬಿಟ್ಟುಕೊಂಡರೆ ಅದರಡಿ ಸೇರಿದ ನೀರು ವಾರಗಟ್ಟಲೆ ಆರುವುದಿಲ್ಲ. ಬಳಿಕ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ತಗಡು ಟಣ್ಣೆನ್ನುತ್ತದೆ, ಒಳಗೆ ಟೊಳ್ಳಾದದ್ದು ಅಥವಾ ಪುಟ್ಟಿ ತುಂಬಿದ್ದು ಮಂಕಾಗಿ ಸದ್ದು ಮಾಡುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ತೂತು ಬಿದ್ದರೆ ಬೇಸರ ಬೇಡ, ಅದು ಮೊದಲೇ ತೂತಾಗಿತ್ತು. ಬಾಗಿಲುಗಳ ತಳ, ಗಾಜಿನ ರಬ್ಬರ್ ಬೀಡಿಂಗ್, ಚಕ್ರದ ಕಮಾನಿನ ಒಳಮಡಿಕೆ, ಬಾಡಿಯನ್ನು ಚಾಸಿಗೆ (ಗಾಡಿಯ ತಳದ ಉಕ್ಕಿನ ಚೌಕಟ್ಟಿಗೆ) ಕೂರಿಸುವ ರಬ್ಬರ್ ಬುಷ್‌ಗಳ ಸುತ್ತಲ ಜಾಗ, ಕೆಸರು ತುಂಬಿಕೊಳ್ಳುವ ಪೊಳ್ಳು ಚಾಸಿಯ ಒಳಭಾಗ, ಇವು ಮುಖ್ಯ. ಆಮೇಲೆ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದೈದು ನಿಮಿಷ ನೀರು ಬಿಟ್ಟು, ಒಳಗೆ ಎಲ್ಲಿ ಇಳಿಯುತ್ತದೆಂದು ಸೀಮೆಸುಣ್ಣದಿಂದ ಗುರುತು ಹಾಕಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲೆಡೆ ಹರಿದು ಮೂಲ ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಸೀಳುಬಿಟ್ಟ ಬೀಡಿಂಗನ್ನು ಅಂಟು ಮೆತ್ತಿ ಉಳಿಸಿಕೊಳ್ಳುವುದಕ್ಕಿಂತ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸದನ್ನು ಹುಡುಕುವುದು ಮೇಲು.

ಬಣ್ಣ ಗುಳ್ಳೆ ಎದ್ದ ಮಾತ್ರಕ್ಕೆ ತಗಡು ಹೋಯಿತೆಂದಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸ್ವಲ್ಪ ತುಕ್ಕೇ ದೊಡ್ಡ ಗುಳ್ಳೆ ಎಬ್ಬಿಸುತ್ತದೆ. ಆದರೆ ತೂತಾದ ಅಥವಾ ಕಾಗದದಷ್ಟು ತೆಳುವಾದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ಹೊಸ ತುಂಡನ್ನು ಬೆಸುಗೆ ಹಾಕಿಸಲೇಬೇಕು. ಹಳೆಯದರ ಮೇಲೆ ಹೊಸ ತಗಡು ಹೊದಿಸಿದರೆ ನಡುವೆ ನೀರಿಗೆ ಮನೆ ಕಟ್ಟಿಕೊಟ್ಟಂತೆ. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ಬಿಚ್ಚಿಸಿ, ಪೆಟ್ರೋಲ್ ಟ್ಯಾಂಕಿನ ಸಮೀಪವಾದರೆ ಟ್ಯಾಂಕನ್ನೇ ಇಳಿಸಿಡಬೇಕು. ಚಾಸಿಯೇ ತೂತಾಗಿದ್ದರೆ ಅದು ಮನೆಯಂಗಳದ ಕೆಲಸವಲ್ಲ. ಇನ್ನೊಂದು ಎಚ್ಚರಿಕೆ: ಚಾಸಿ ಸಂಖ್ಯೆ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಬಾರದು. 15 ವರ್ಷ ತುಂಬಿದ ಖಾಸಗಿ ವಾಹನದ ಆರ್‌ಸಿಯನ್ನು 5 ವರ್ಷಗಳಿಗೆ ನವೀಕರಿಸುವ ತಪಾಸಣೆಯಲ್ಲಿ ಆ ಅಂಕಿಗಳು ಸ್ಪಷ್ಟವಾಗಿ ಕಾಣಬೇಕು. ಅಲ್ಲಿ ಕೈಬ್ರಷ್‌ನಿಂದ ಮೃದುವಾಗಿ ಉಜ್ಜಿದರೆ ಸಾಕು.

ಉಳಿದ ತುಕ್ಕನ್ನು ಕನ್ನಡಕ, ಮುಖಗವಸು ಧರಿಸಿ ಗ್ರೈಂಡರಿಗೆ ತಂತಿಬ್ರಷ್ ಹಾಕಿ ತೆಗೆಯಬೇಕು. ಗಾಡಿಯ ಅಡಿ ನುಗ್ಗುವುದಿದ್ದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಬೇಕು. ತಂತಿಬ್ರಷ್ ಕೆಲವೊಮ್ಮೆ ತುಕ್ಕನ್ನು ಕೀಳದೆ ಬರೀ ಹೊಳಪು ಕೊಡುತ್ತದೆ, ಆದ್ದರಿಂದ ಕೊನೆಗೆ 80ನೇ ನಂಬರಿನ ಎಮರಿಯಿಂದ ಉಜ್ಜಿ ಬಿಳಿ ಲೋಹ ಕಾಣಿಸಬೇಕು. ಕುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿದರೆ ಅವು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಗುತ್ತವೆ. ಡಬ್ಬಿಯ ಮೇಲಿನ ಸೂಚನೆಯಂತೆ ಹೆಚ್ಚುವರಿ ಆಮ್ಲವನ್ನು ತೊಳೆದು ಪೂರ್ತಿ ಒಣಗಿಸದಿದ್ದರೆ ಅದರ ಮೇಲೆ ಹೊಡೆಯುವ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಂಟುಪದರ) ಹಿಡಿಯುವುದಿಲ್ಲ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಯೋಗ್ಯ, ಏಕೆಂದರೆ ಉಜ್ಜಿದ ಬರಿ ಲೋಹವನ್ನು ತೇವದ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಿಗ್ಗೆ ಕೆಂಪು ಛಾಯೆ ಮೂಡಿರುತ್ತದೆ.

ಬಣ್ಣ ಹಚ್ಚುವ ಕ್ರಮದಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದು. ಥಿನ್ನರಿನಿಂದ ಒರೆಸಿ, ಅದೇ ದಿನ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಗೇಟು, ಕಿಟಕಿ ಸರಳುಗಳಿಗೆ ಬಳಿಯುವ ಸಾಮಾನ್ಯ ರೆಡ್ ಆಕ್ಸೈಡ್ ಗಾಡಿಯ ತಳಕ್ಕೆ ಸಾಲದೆಂಬುದು ನನ್ನ ಅನುಭವ. ತಗಡುಗಳು ಕೂಡುವ ಸಂದುಗಳಿಗೆ ಪ್ರೈಮರಿನ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಬೇಕು. ಪುಟ್ಟಿ ನೀರನ್ನು ಹೀರುತ್ತದೆ. ಹಾಗಾಗಿ ಅದನ್ನು ಬರಿ ಲೋಹಕ್ಕೆ ಮೆತ್ತದೆ, ಎಪಾಕ್ಸಿಯ ಮೇಲೆ ತೆಳ್ಳಗೆ ಎಳೆಸಬೇಕು. ತುಕ್ಕಿನ ಮೇಲೆಯೇ ರಬ್ಬರಿನಂಥ ಕರಿ ಅಂಡರ್‌ಕೋಟಿಂಗ್ ಹೊಡೆಸುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ: ಒಂದು ಕಡೆ ಬಿರುಕು ಬಿಟ್ಟರೂ ಒಳಗೆ ಹೊಕ್ಕ ನೀರು ಕಾಣದಂತೆ ಕೆಲಸ ನಡೆಸುತ್ತದೆ. ತಳಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವ ಹಳೆಯ ರೂಢಿಯೂ ಬೇಡ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ತೊಟ್ಟಿಕ್ಕಿ ನೆಲವನ್ನು ಕೆಡಿಸುತ್ತದೆ.

ಚಾಸಿಯ ಪೊಳ್ಳು, ಬಾಗಿಲಿನ ಒಳಗು ಇಂಥ ಕೈ ಹೋಗದ ಜಾಗಗಳನ್ನು ತೊಳೆದು ಕೆಲವು ದಿನ ಬಿಸಿಲಿಗೆ ಒಣಗಿಸಿ, ಉದ್ದ ನಳಿಕೆಯಿಂದ ಕ್ಯಾವಿಟಿ ಮೇಣ ಸಿಂಪಡಿಸಬೇಕು. ಅದು ಸಂದುಗಳಿಗೆ ಇಳಿದು ಮೆತ್ತಗೇ ಉಳಿಯುವುದರಿಂದ ಸುಲಭವಾಗಿ ಬಿರುಕು ಬಿಡುವುದಿಲ್ಲ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಒಮ್ಮೆ ನೋಡಿ ಬೇಕಾದಲ್ಲಿ ಮತ್ತೆ ಹೊಡೆಯಬೇಕು. ಕರಾವಳಿಯಿಂದ ಬಂದ ದಿನವೇ ಸಿಹಿನೀರಿನಿಂದ ತಳವನ್ನು ತೊಳೆಸಬೇಕು. ಮೇಣ ಹಾಕಿದ ಮರುದಿನ ಬಾಗಿಲ ತಳದ ಮತ್ತು ಚಾಸಿಯ ಪ್ರತಿಯೊಂದು ನೀರುಕಂಡಿಗೂ ತಂತಿ ತೂರಿಸಿ, ಮೇಣವೇ ಅದನ್ನು ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.