ಹಿಂದಿನ ಬೆಂಚಿನಿಂದ ಬಂದ ಚೀಟಿ

ಇಪ್ಪತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಪಾಠ ಮಾಡುವುದನ್ನು ಕಲಿತು ಬಾ ಎಂದರೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಕಾರ್ಯಾಗಾರಗಳಿಗೆ ಹೋಗುತ್ತಿದ್ದೆ, ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸುತ್ತಿದ್ದೆ, ಮರುದಿನ ಅದೇ ಹಳೆಯ ಟಿಪ್ಪಣಿ ಹಿಡಿದು ತರಗತಿಗೆ ಹೋಗುತ್ತಿದ್ದೆ.

ಕೊನೆಗೆ ಸಹೋದ್ಯೋಗಿಯೊಬ್ಬರನ್ನು ನಾನೇ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ತರಗತಿ ಮುಗಿದ ಮೇಲೆ ಅವರು ಕೊಟ್ಟ ಚೀಟಿಯಲ್ಲಿ ಹೊಗಳಿಕೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ‘ಕೇಳಿದ ಪ್ರಶ್ನೆಗಳು 19. ನೀವೇ ಉತ್ತರ ಹೇಳಿದ್ದು 16.’ ಅಷ್ಟೇ. ಪ್ರಶ್ನೆ ಕೇಳಿದ ಶಿಕ್ಷಕರು ಒಂದು ಸೆಕೆಂಡಿನಷ್ಟೂ ಕಾಯುವುದು ಕಷ್ಟ, ಮೂರು ಸೆಕೆಂಡು ಕಾದರೆ ಉತ್ತರದ ಗುಣವೇ ಬದಲಾಗುತ್ತದೆ ಎಂದು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದು ಚಿಕ್ಕ ಮಕ್ಕಳ ತರಗತಿಯ ಮಾತು ಎಂದು ನಾನು ಬದಿಗಿಟ್ಟಿದ್ದೆ.

ಮುಂದಿನ ವಾರ ಒಂದೇ ಪ್ರಶ್ನೆ ಹಾಕಿ ಉತ್ತರವನ್ನು ಚೀಟಿಯಲ್ಲಿ ಬರೆಸಿದೆ: ಹೈಡ್ರೋಜನ್ ಅಣುವಿನ ಬಂಧ ಮುರಿದಾಗ ಶಕ್ತಿ ಹೊರಬರುತ್ತದೆಯೋ, ಬೇಕಾಗುತ್ತದೆಯೋ? ಅರ್ಧಕ್ಕಿಂತ ಹೆಚ್ಚು ಜನ ‘ಹೊರಬರುತ್ತದೆ’ ಎಂದು ಬರೆದಿದ್ದರು. ಬಂಧಶಕ್ತಿಯ ಲೆಕ್ಕದಲ್ಲಿ ಪೂರ್ತಿ ಅಂಕ ತೆಗೆದವರೂ ಅವರಲ್ಲಿದ್ದರು! ‘ಇಂಧನ ಉರಿದಾಗ ಬಂಧ ಮುರಿದೇ ಶಾಖ ಬರುವುದಲ್ಲವೇ ಸರ್?’ ಎಂದು ಒಬ್ಬಳು ಕೇಳಿದಳು. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಅವಳ ಕೈಗೆ ಕೊಟ್ಟು ಬಿಡಿಸಲು ಹೇಳಿದೆ. ಎಳೆದಳು, ಸುಮ್ಮನಾದಳು. ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದೆವು. ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ನೀರಾವಿ ಆಗಬೇಕಾದರೆ ಹೈಡ್ರೋಜನ್ ಅಣುಗಳ ಬಂಧ ಮುರಿಯಲು ಸುಮಾರು 436 ಕಿಲೋಜೂಲ್ ಬೇಕು, ಅರ್ಧ ಮೋಲ್ ಆಮ್ಲಜನಕಕ್ಕೆ 249. ಹೊಸ ಬಂಧಗಳು ಕೂಡಿದಾಗ ಮರಳಿ ಸಿಗುವುದು 927. ಜ್ವಾಲೆಯ ಶಾಖವೆಂದರೆ ಕೊಟ್ಟದ್ದನ್ನು ಕಳೆದು ಉಳಿಯುವ ಈ 242. ಇದೇ ಲೆಕ್ಕವನ್ನು ನಾನು ವರ್ಷವರ್ಷವೂ ಮಾಡಿಸಿದ್ದೆ. ಅದರ ಅರ್ಥ ಕೇಳಿರಲಿಲ್ಲ.

ಈಗ ತಿಂಗಳಿಗೊಮ್ಮೆ ನಾವಿಬ್ಬರೂ ಪರಸ್ಪರರ ತರಗತಿಯಲ್ಲಿ ಕೂರುತ್ತೇವೆ. ಎಣಿಸಬಹುದಾದದ್ದನ್ನು ಮಾತ್ರ ಬರೆಯಬೇಕು, ಅಭಿಪ್ರಾಯ ಬೇಡ ಎಂಬುದು ಒಪ್ಪಂದ. ಅಭಿಪ್ರಾಯಕ್ಕೆ ಎದುರುವಾದ ಹೂಡಬಹುದು, ಎಣಿಕೆಗೆ ಹೂಡುವುದು ಕಷ್ಟ. ಒಂದು ಸೆಮಿಸ್ಟರಿಗೆ ಒಂದೇ ಘಟಕವನ್ನು ತಿದ್ದುತ್ತೇನೆ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದ ವರ್ಷ ಪಠ್ಯವೂ ಮುಗಿಯಲಿಲ್ಲ, ನಿದ್ದೆಯೂ ಬರಲಿಲ್ಲ. ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮುಂದಿನ ವರ್ಷದ ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ.

ರಾಸಾಯನಿಕ ಸಮತೋಲನ, ಅಂದರೆ ಮುಂದಿನ ಮತ್ತು ಹಿಂದಿನ ಕ್ರಿಯೆಗಳೆರಡೂ ಒಂದೇ ವೇಗದಲ್ಲಿ ನಡೆಯುತ್ತಲೇ ಇರುವ ಸ್ಥಿತಿ, ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಸಮತೋಲನಕ್ಕೆ ಬಂದ ಕ್ರಿಯೆ ನಿಂತೇ ಹೋಗುತ್ತದೆ ಎಂದು ಈ ಸಲವೂ ಹಲವರು ಬರೆದಿದ್ದಾರೆ. ಸೋಮವಾರ ಆ ತರಗತಿಗೆ ಸಹೋದ್ಯೋಗಿ ಬರುತ್ತಿದ್ದಾರೆ.