ಬಂದರಿನಲ್ಲಿ ಸರಕು ಸಿಕ್ಕಿಕೊಂಡಾಗ ತಪ್ಪು ಯಾರದ್ದು? ಆರೋಪವನ್ನು ಪರೀಕ್ಷಿಸುವುದು ಹೀಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಿಂದ ಕಂಟೇನರ್ ಎತ್ತಿ ಗೋಡೌನ್‌ಗೆ ಮುಟ್ಟಿಸುವ ಸಣ್ಣ ಲಾರಿ ಕಂಪನಿಯೊಂದರಲ್ಲಿ ನಾನು ಡಿಸ್ಪ್ಯಾಚರ್. ಯಾವ ಡ್ರೈವರ್ ಎಷ್ಟು ಗಂಟೆಗೆ ಯಾವ ಟರ್ಮಿನಲ್‌ಗೆ ಹೋಗಬೇಕು, ಖಾಲಿ ಡಬ್ಬವನ್ನು ಎಲ್ಲಿ ವಾಪಸ್ ಬಿಡಬೇಕು, ಇದನ್ನೆಲ್ಲ ಹೊಂದಿಸುವುದು ನನ್ನ ಕೆಲಸ.

2021ರ ಅಕ್ಟೋಬರ್‌ನಲ್ಲಿ ಈ ಎರಡು ಬಂದರುಗಳ ಮುಂದೆ ಹಡಗುಗಳು ಸಾಲುಗಟ್ಟಿ ನಿಂತವು. ಅಮೆರಿಕಕ್ಕೆ ಕಂಟೇನರ್‌ನಲ್ಲಿ ಬರುವ ಸರಕಿನಲ್ಲಿ ಸುಮಾರು ಶೇಕಡಾ 40ರಷ್ಟು ಆಗ ಇಲ್ಲಿಂದಲೇ ಒಳಗೆ ಹೋಗುತ್ತಿತ್ತು. ಹಾಗಾಗಿ ಟಿವಿ ತುಂಬ ಇದೇ ಸುದ್ದಿ. ವಿರೋಧ ಪಕ್ಷದ ರಿಪಬ್ಲಿಕನ್ನರು ಆಗಿನ ಅಧ್ಯಕ್ಷ ಬೈಡನ್ ಕಡೆ ಬೆರಳು ತೋರಿಸಿದರು. ಕ್ಯಾಲಿಫೋರ್ನಿಯಾದ ಕಾನೂನುಗಳೇ ಕಾರಣ ಅಂದರು. ಆಗಿನ ಸಾರಿಗೆ ಸಚಿವ ಪೀಟ್ ಬುಟಿಜೆಜ್ ಮಕ್ಕಳ ಆರೈಕೆಗೆ ರಜೆ ಹಾಕಿದ್ದನ್ನೂ ಎಳೆದು ತಂದರು. ಬೈಡನ್ ಕಡೆಯವರು ಕೋವಿಡ್ ಅಂದರು, ವಿದೇಶಿ ಹಡಗು ಕಂಪನಿಗಳ ದುರಾಸೆ ಅಂದರು. ಇವೆಲ್ಲವನ್ನೂ ಕೇಳಿಸಿಕೊಳ್ಳುತ್ತಲೇ ನಾನು ದಿನವಿಡೀ ಡಬ್ಬಗಳ ಹಿಂದೆ ಬಿದ್ದಿದ್ದೆ. ಇಂಥ ಆರೋಪಗಳನ್ನು ಹೇಗೆ ಪರೀಕ್ಷಿಸಬೇಕು ಅನ್ನುವುದನ್ನು ಆ ಕೆಲಸವೇ ಕಲಿಸಿತು. ಪಕ್ಷ ಯಾವುದಾದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಮೊದಲು ತಾರೀಖು ಕೇಳಿ

ಯಾರಾದರೂ ಒಂದು ಕಾನೂನಿನ ಹೆಸರು ಹೇಳಿ ಇದರಿಂದಲೇ ಬಂದರು ಕಟ್ಟಿಕೊಂಡಿತು ಅಂದರೆ, ಆ ಕಾನೂನು ಜಾರಿಯಾದದ್ದು ಯಾವಾಗ ಅಂತ ನೋಡಿ. ಸಹಿ ಬಿದ್ದ ದಿನ ಬೇರೆ, ಜಾರಿಯಾದ ದಿನ ಬೇರೆ.

ಆಗ ಎಲ್ಲರ ಬಾಯಲ್ಲಿದ್ದದ್ದು ಕ್ಯಾಲಿಫೋರ್ನಿಯಾದ ಎಬಿ-5. ಸ್ವಂತ ಲಾರಿ ಇಟ್ಟುಕೊಂಡು ಟ್ರಿಪ್ ಲೆಕ್ಕದಲ್ಲಿ ದುಡಿಯುವ ಅನೇಕ ಡ್ರೈವರ್‌ಗಳನ್ನು ಕಂಪನಿಯ ನೌಕರರೆಂದೇ ಪರಿಗಣಿಸಬೇಕಾಗುವಂಥ ಕಾನೂನು ಅದು. ಸಹಿಯಾದದ್ದು 2019ರ ಸೆಪ್ಟೆಂಬರ್‌ನಲ್ಲಿ, ಜಾರಿಗೆ ಬಂದದ್ದು 2020ರ ಜನವರಿ 1ಕ್ಕೆ. ಆದರೆ ಲಾರಿ ಉದ್ಯಮದ ಮಟ್ಟಿಗೆ ಕೋರ್ಟ್ ತಡೆ ಕೊಟ್ಟಿತ್ತು. ಆ ತಡೆ 2021ರ ಉದ್ದಕ್ಕೂ ಇತ್ತು. ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳುವುದಿಲ್ಲ ಅಂದದ್ದು 2022ರ ಜೂನ್ 30ರಂದು. ಮುಂದಿನ ತಿಂಗಳು ಕ್ಯಾಲಿಫೋರ್ನಿಯಾದ್ದೇ ಆದ ಓಕ್ಲ್ಯಾಂಡ್ ಬಂದರಿನಲ್ಲಿ ಡ್ರೈವರ್‌ಗಳು ಗೇಟ್‌ಗೆ ಅಡ್ಡ ನಿಂತು ಪ್ರತಿಭಟನೆ ಮಾಡಿದರು. ಆ ಪ್ರತಿಭಟನೆಗೆ ಎಬಿ-5 ನೇರ ಕಾರಣ. 2021ರ ಹಡಗು ಸಾಲಿಗೆ ಅಲ್ಲ. ಕಾನೂನು ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆಯೇ ಚರ್ಚೆ. ಅದನ್ನು ಇದರ ಜೊತೆ ಸೇರಿಸಬೇಡಿ.

ಮೂರು ವರ್ಷಕ್ಕಿಂತ ಹಳೆಯ ಲಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಪ್ರವೇಶವಿಲ್ಲ ಅನ್ನುವ ಮಾತೂ ಆಗ ಹರಿದಾಡಿತು. ಅಂಥ ನಿಯಮವೇ ಇರಲಿಲ್ಲ. ಹಳೆಯ ಡೀಸೆಲ್ ಎಂಜಿನ್‌ಗಳನ್ನು ಹಂತ ಹಂತವಾಗಿ ತೆಗೆಯುವ ನಿಯಮ ಇದ್ದದ್ದು ನಿಜ, ಆದರೆ ಅದು 2008ರದ್ದು.

ಡಬ್ಬ ಎಲ್ಲಿ ನಿಂತಿದೆ ಅಂತ ಹುಡುಕಿ

ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ. ಬಂದರು ಜಾಮ್ ಅಂದರೆ ಸಾಲದು. ಡಬ್ಬ ಇನ್ನೂ ಹಡಗಿನ ಮೇಲಿದೆಯಾ? ಇಳಿದು ಟರ್ಮಿನಲ್ ಅಂಗಳದಲ್ಲಿದೆಯಾ? ಲಾರಿ ಮೇಲೆ ಬಂದು ಗೋಡೌನ್ ಮುಂದೆ ನಿಂತಿದೆಯಾ? ಖಾಲಿಯಾಗಿ ವಾಪಸ್ ಹೋಗಲು ಜಾಗವಿಲ್ಲದೆ ಕೂತಿದೆಯಾ? ಒಂದೊಂದು ಜಾಗಕ್ಕೂ ಹೊಣೆಗಾರರು ಬೇರೆ.

2021ರ ಅಕ್ಟೋಬರ್ 13ರಂದು ಬೈಡನ್ ಒಂದು ಘೋಷಣೆ ಮಾಡಿದರು. ಲಾಸ್ ಏಂಜಲೀಸ್ ಬಂದರು ಇನ್ನು 24 ಗಂಟೆ, ವಾರದ ಏಳೂ ದಿನ ಕೆಲಸ ಮಾಡುತ್ತದೆ ಅಂತ. ಲಾಂಗ್ ಬೀಚ್‌ನಲ್ಲಿ ಇದರ ಪ್ರಯೋಗ ಸೆಪ್ಟೆಂಬರ್‌ನಲ್ಲೇ ಶುರುವಾಗಿತ್ತು. ಆದರೆ ರಾತ್ರಿ ಗೇಟ್‌ಗೆ ಬಂದ ಲಾರಿಗಳು ಬಹಳ ಕಡಿಮೆ. ಲಾರಿಯವರು ಸೋಮಾರಿಗಳು ಅಂತ ಕೆಲವರು, ಘೋಷಣೆ ಬರೀ ನಾಟಕ ಅಂತ ಇನ್ನು ಕೆಲವರು.

ನನ್ನ ಮುಂದಿನ ಸ್ಕ್ರೀನ್‌ನಲ್ಲಿ ಕಾಣುತ್ತಿದ್ದದ್ದು ಇಷ್ಟು. ಒಂದು ಟರ್ಮಿನಲ್‌ನಲ್ಲಿ ರಾತ್ರಿ ಎರಡು ಗಂಟೆಗೆ ಅಪಾಯಿಂಟ್‌ಮೆಂಟ್ ಖಾಲಿ ಇದೆ. ಡ್ರೈವರ್ ಹೋಗಲು ತಯಾರು. ಆದರೆ ತುಂಬಿದ ಡಬ್ಬ ತರಬೇಕಾದರೆ ಮೊದಲು ಒಂದು ಖಾಲಿ ಡಬ್ಬ ತಂದು ಬಿಡಿ ಅನ್ನುವ ಷರತ್ತು. ನಮ್ಮ ಅಂಗಳದಲ್ಲಿ ಖಾಲಿ ಡಬ್ಬಗಳಿಗೆ ಬರವಿಲ್ಲ. ಆದರೆ ಅವು ಬೇರೆ ಹಡಗು ಕಂಪನಿಯವು, ಈ ಟರ್ಮಿನಲ್ ಇವತ್ತು ಅವನ್ನು ತೆಗೆದುಕೊಳ್ಳುತ್ತಿಲ್ಲ. ಆ ಪ್ರತಿ ಡಬ್ಬದ ಕೆಳಗೂ ಒಂದೊಂದು ಚಾಸಿ ಸಿಕ್ಕಿಕೊಂಡಿದೆ. ಚಾಸಿ ಅಂದರೆ ಡಬ್ಬವನ್ನು ಕೂರಿಸಿ ಲಾರಿ ಎಳೆದುಕೊಂಡು ಹೋಗುವ ಗಾಲಿಯ ಚೌಕಟ್ಟು. ಅದು ಬಿಡುವಾಗದೆ ಹೊಸ ಡಬ್ಬ ತರಲು ಆಗುವುದಿಲ್ಲ. ಬಾಡಿಗೆಗೆ ಬೇರೆ ಚಾಸಿ ಕೇಳಿದರೆ ಇಲ್ಲ ಅನ್ನುತ್ತಾರೆ. ಹೇಗೋ ಒಂದು ಹೊಂದಿಸಿದೆ ಅಂತಲೇ ಇಟ್ಟುಕೊಳ್ಳಿ. ಗೋಡೌನ್‌ಗೆ ಫೋನ್ ಮಾಡಿದರೆ ಬೆಳಿಗ್ಗೆ ಏಳರ ಮೊದಲು ಬಾಗಿಲು ತೆರೆಯುವುದಿಲ್ಲ ಅಂತ ಉತ್ತರ. ಡ್ರೈವರ್ ಅಲ್ಲಿಯವರೆಗೆ ಕಾಯಬೇಕು. ಕಾದದ್ದಕ್ಕೆ ದುಡ್ಡಿಲ್ಲ. ಸಾಲದ್ದಕ್ಕೆ ಡ್ಯೂಟಿ ಶುರುವಾಗಿ 14 ಗಂಟೆ ಆಯಿತೆಂದರೆ ಮತ್ತೆ ವಿಶ್ರಾಂತಿ ಆಗುವ ತನಕ ಅವರು ಓಡಿಸುವಂತಿಲ್ಲ, ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ನಿಯಮ. ರಾತ್ರಿ ಕಾದದ್ದೂ ಅದರಲ್ಲೇ ಸೇರುತ್ತದೆ. ಅಲ್ಲಿಗೆ ಮರುದಿನದ ಎರಡು ಟ್ರಿಪ್ ಕೈತಪ್ಪಿದ ಹಾಗೆ.

ಈಗ ಹೇಳಿ, ಗೇಟ್ ತೆರೆದಿಟ್ಟ ಮಾತ್ರಕ್ಕೆ ಡಬ್ಬ ಹೊರಡುತ್ತದಾ? ಬಂದರಿನವರು ಸುಳ್ಳು ಹೇಳಲಿಲ್ಲ, ಡ್ರೈವರ್ ಸೋಮಾರಿಯಲ್ಲ, ಗೋಡೌನ್‌ನವರಿಗೂ ರಾತ್ರಿ ಪಾಳಿಗೆ ಜನ ಸಿಗುತ್ತಿರಲಿಲ್ಲ. ಬಂದರು, ಲಾರಿ, ಗೋಡೌನ್ ಮೂರೂ ಒಟ್ಟಿಗೆ ಎದ್ದಿದ್ದರೆ ಮಾತ್ರ ರಾತ್ರಿ ಕೆಲಸ ನಡೆಯುತ್ತದೆ. ಘೋಷಣೆ ಬಂದದ್ದು ಒಂದು ಕೊಂಡಿಗೆ ಮಾತ್ರ.

ಚಾಸಿ ಯಾಕೆ ಸಿಗುತ್ತಿರಲಿಲ್ಲ ಅಂತ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ. ಟ್ರಂಪ್ ಮೊದಲ ಅವಧಿಯಲ್ಲಿ ಚೀನಾದ ಚಾಸಿಗಳ ಮೇಲೆ ಸುಂಕ ಬಿತ್ತು. 2021ರಲ್ಲಿ, ಬೈಡನ್ ಅಧಿಕಾರದಲ್ಲಿದ್ದಾಗ, ಅದರ ಮೇಲೆ ಶೇಕಡಾ 200ಕ್ಕೂ ಜಾಸ್ತಿ ಸುಂಕ ಸೇರಿತು. ಇಲ್ಲಿನ ಚಾಸಿ ತಯಾರಕರು ಅದನ್ನೇ ಕೇಳಿದ್ದರು. ಅವರ ಕಷ್ಟವೂ ಸುಳ್ಳಲ್ಲ. ಆದರೆ ಅತಿ ಹೆಚ್ಚು ಬೇಕಾದ ವರ್ಷದಲ್ಲೇ ಚೀನಾದಿಂದ ಹೊಸ ಚಾಸಿ ತರಿಸುವುದು ಬಹಳ ದುಬಾರಿಯಾಯಿತು. ಎರಡೂ ಪಕ್ಷಗಳ ಕೈ ಇದ್ದ ಈ ಸಂಗತಿಯನ್ನು ಟಿವಿ ಚರ್ಚೆಯಲ್ಲಿ ಇಬ್ಬರೂ ಎತ್ತಲಿಲ್ಲ. ಯಾವುದನ್ನು ಯಾರೂ ಎತ್ತುತ್ತಿಲ್ಲ ಅನ್ನುವುದನ್ನೂ ಗಮನಿಸುತ್ತಿರಿ.

ಕೆಲಸ ನಿಧಾನವಾಯಿತೋ, ಸರಕು ಜಾಸ್ತಿಯಾಯಿತೋ?

ಬಂದರಿನಲ್ಲಿ ಕೆಲಸವೇ ನಿಂತಿದೆ ಅನ್ನುವ ಹಾಗೆ ಸುದ್ದಿ ಬರುತ್ತಿತ್ತು. ಲೆಕ್ಕ ನೋಡಿ: ಲಾಸ್ ಏಂಜಲೀಸ್ ಬಂದರು 2020ರಲ್ಲಿ ಸುಮಾರು 92 ಲಕ್ಷ ಟಿಇಯು ಸಾಗಿಸಿತ್ತು. 2021ರಲ್ಲಿ ಸುಮಾರು 1 ಕೋಟಿ 7 ಲಕ್ಷ, ಅದರ ಇತಿಹಾಸದಲ್ಲೇ ಅತಿ ಹೆಚ್ಚು. ಒಂದು ಟಿಇಯು ಅಂದರೆ 20 ಅಡಿ ಉದ್ದದ ಒಂದು ಡಬ್ಬದ ಲೆಕ್ಕ. ಕ್ಯೂ ಉದ್ದವಾಗಿದ್ದ ವರ್ಷವೇ ದಾಖಲೆ ಕೆಲಸವೂ ಆಗಿದೆ.

ಸರಕು ಯಾಕೆ ಜಾಸ್ತಿಯಾಯಿತು? ಮನೆಯಲ್ಲೇ ಇದ್ದ ಜನ ಹೋಟೆಲ್, ಪ್ರವಾಸದ ದುಡ್ಡನ್ನು ಮೇಜು, ಕುರ್ಚಿ, ಟಿವಿಗೆ ಹಾಕಿದರು. ಕೋವಿಡ್ ಪರಿಹಾರವೆಂದು ಸರ್ಕಾರದ ಚೆಕ್‌ಗಳೂ ಬಂದವು. 2020ರಲ್ಲಿ ಟ್ರಂಪ್ ಕಾಲದಲ್ಲಿ 1,200 ಡಾಲರ್, ಆಮೇಲೆ 600, 2021ರ ಮಾರ್ಚ್‌ನಲ್ಲಿ ಬೈಡನ್ ಕಾಲದಲ್ಲಿ 1,400. ಒಬ್ಬರ ಚೆಕ್ ಮಾತ್ರ ಬಂದರು ತುಂಬಿಸಿತು ಅನ್ನುವವರನ್ನು ಉಳಿದ ಚೆಕ್‌ಗಳ ಬಗ್ಗೆಯೂ ಕೇಳಿ.

ಹಾಗಂತ ಬಂದರಿನ ದೋಷವೇ ಇಲ್ಲ ಅನ್ನಬೇಡಿ. ವಿಶ್ವಬ್ಯಾಂಕ್ ಮತ್ತು ಐಎಚ್‌ಎಸ್ ಮಾರ್ಕಿಟ್ ಸೇರಿ 2020ರ ಕೆಲಸ ನೋಡಿ 351 ಬಂದರುಗಳಿಗೆ ಸ್ಥಾನ ಕೊಟ್ಟಾಗ ಲಾಸ್ ಏಂಜಲೀಸ್ 328ನೆಯದು, ಲಾಂಗ್ ಬೀಚ್ 333ನೆಯದು. ಏಷ್ಯಾದ ದೊಡ್ಡ ಬಂದರುಗಳು ಹಗಲು ರಾತ್ರಿ ಓಡುತ್ತಿದ್ದಾಗ ಇಲ್ಲಿ ಗೇಟ್ ಮುಚ್ಚುವುದು ಮೊದಲಿನಿಂದ ನಡೆದು ಬಂದದ್ದು. ಹಳೆಯ ದೋಷವೇ, ಆದರೆ ಆ ವರ್ಷ ಹುಟ್ಟಿದ್ದಲ್ಲ.

ಡ್ರೈವರ್ ಕೊರತೆಯ ಅಂಕಿ ಕಂಡರೆ ನಿಲ್ಲಿ

ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಈ ಚರ್ಚೆ. ದೊಡ್ಡ ಲಾರಿ ಕಂಪನಿಗಳ ಸಂಘ ಅಮೆರಿಕನ್ ಟ್ರಕಿಂಗ್ ಅಸೋಸಿಯೇಷನ್ಸ್ 2021ರ ಅಕ್ಟೋಬರ್‌ನಲ್ಲಿ 80,000 ಡ್ರೈವರ್‌ಗಳ ಕೊರತೆ ಇದೆ ಅಂದಿತು. ಸ್ವಂತ ಲಾರಿ ಡ್ರೈವರ್‌ಗಳ ಸಂಘ ಒಒಐಡಿಎ ಇದನ್ನು ಒಪ್ಪಲಿಲ್ಲ. ಕೊರತೆ ಡ್ರೈವರ್‌ಗಳದ್ದಲ್ಲ, ಅವರು ನಿಲ್ಲುವಂಥ ಕೆಲಸದ್ದು ಅಂದಿತು. ದೂರದ ಹಾದಿಯ ದೊಡ್ಡ ಕಂಪನಿಗಳಲ್ಲಿ ವರ್ಷಕ್ಕೆ ಶೇಕಡಾ 90ರಷ್ಟು ಡ್ರೈವರ್‌ಗಳು ಬದಲಾಗುವುದು ಹೊಸದೇನಲ್ಲ.

ಹಾಗಾಗಿ ಕೊರತೆ ಅನ್ನುವ ಮಾತು ಬಂದರೆ ಇದನ್ನು ಕೇಳಿ: ಲೈಸೆನ್ಸ್ ಇರುವವರೇ ಇಲ್ಲವೋ, ಈ ಸಂಬಳಕ್ಕೆ ಬರುವವರು ಇಲ್ಲವೋ, ಅಥವಾ ಇರುವವರು ಕ್ಯೂನಲ್ಲಿ ನಿಂತಿದ್ದಾರೋ? ನಮ್ಮ ಬಂದರಿನಲ್ಲಿ ನಾನು ಕಂಡದ್ದು ಮೂರನೆಯದನ್ನು. ದಿನಕ್ಕೆ ಮೂರು ಟ್ರಿಪ್ ಹೊಡೆಯುತ್ತಿದ್ದವರು ಒಂದೇ ಟ್ರಿಪ್‌ಗೆ ಇಳಿದರೆ ಮೊದಲು ಒಬ್ಬರು ಮಾಡುತ್ತಿದ್ದ ಕೆಲಸಕ್ಕೆ ಮೂವರು ಡ್ರೈವರ್‌ಗಳು ಬೇಕಾಗುತ್ತದೆ. ಅಂಥ ಜಾಗಕ್ಕೆ ಇನ್ನೂ ಸಾವಿರ ಲಾರಿ ಕಳಿಸಿದರೆ ಕ್ಯೂ ಬೆಳೆಯುತ್ತದೆ, ಅಷ್ಟೇ. ನಮ್ಮ ಡ್ರೈವರ್ ಒಬ್ಬರು ಗೇಟ್ ಮುಂದೆ ನಾಲ್ಕು ಗಂಟೆ ನಿಂತು ಫೋನ್ ಮಾಡಿದರು. "ನಾನು ಇಲ್ಲೇ ಇದ್ದೀನಲ್ಲ, ಡ್ರೈವರ್ ಇಲ್ಲ ಅಂತ ರೇಡಿಯೋದಲ್ಲಿ ಯಾಕೆ ಹೇಳ್ತಿದ್ದಾರೆ?" ಅಂತ ಕೇಳಿದರು. ಅವರಿಗೆ ಟ್ರಿಪ್‌ಗೆ ದುಡ್ಡು, ಗಂಟೆಗಲ್ಲ.

ಕಂಪನಿಯ ನೌಕರರಾದ ಡ್ರೈವರ್‌ಗಳಿಗೂ ಫೆಡರಲ್ ಕಾನೂನಿನಲ್ಲಿ ಓವರ್‌ಟೈಮ್ ಸಾಮಾನ್ಯವಾಗಿ ಇಲ್ಲ, ಆ ವಿನಾಯಿತಿ 1938ರದ್ದು. ಲಾರಿ ದರಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದ ಕಾನೂನಿಗೆ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ 1980ರಲ್ಲಿ ಸಹಿ ಹಾಕಿದರು. ಕಾದ ಗಂಟೆಗೆ ಬೆಲೆಯೇ ಇಲ್ಲದಾಗ ಟರ್ಮಿನಲ್‌ಗಾಗಲಿ ಗೋಡೌನ್‌ಗಾಗಲಿ ಕ್ಯೂ ಕಡಿಮೆ ಮಾಡುವ ಅವಸರವೂ ಇರುವುದಿಲ್ಲ.

ಅದೇ ತೊಂದರೆ ಬೇರೆ ದೇಶದಲ್ಲೂ ಇದೆಯಾ ಅಂತಲೂ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಲಾರಿ ಡ್ರೈವರ್‌ಗಳಿಲ್ಲದೆ ಪೆಟ್ರೋಲ್ ಬರುವುದಿಲ್ಲ ಅನ್ನುವ ಭಯಕ್ಕೆ ಬಂಕ್‌ಗಳ ಮುಂದೆ ಜನ ಮುಗಿಬಿದ್ದರು. ವಿರೋಧಿಗಳು ಬ್ರೆಕ್ಸಿಟ್ (ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದು) ಕಾರಣ ಅಂದರು, ಸರ್ಕಾರ ಯುರೋಪಿನಲ್ಲೆಲ್ಲ ಡ್ರೈವರ್ ಕೊರತೆ ಇದೆ ಅಂದಿತು. ಯುರೋಪಿನ ಡ್ರೈವರ್‌ಗಳು ವಾಪಸ್ ಹೋದದ್ದೂ ನಿಜ, ಲಾಕ್‌ಡೌನ್‌ನಲ್ಲಿ ಲಾರಿ ಲೈಸೆನ್ಸ್ ಪರೀಕ್ಷೆಗಳು ನಿಂತದ್ದೂ ನಿಜ.

ದಂಡ, ಶ್ರೇಯಸ್ಸು ಎರಡನ್ನೂ ಬೆನ್ನು ಹತ್ತಿ

ಘೋಷಣೆ ಕೇಳಿ ಬಿಟ್ಟುಬಿಡಬೇಡಿ. ಅಕ್ಟೋಬರ್ 25ರಂದು ಎರಡೂ ಬಂದರುಗಳು ಹಳೆಯ ಡಬ್ಬಗಳ ಮೇಲೆ ದಂಡ ಹಾಕುತ್ತೇವೆ ಅಂದವು. ಲಾರಿಗಾಗಿ ಒಂಬತ್ತು ದಿನ ಕಾದ ಡಬ್ಬಕ್ಕೆ 100 ಡಾಲರ್, ದಿನಕ್ಕೆ ನೂರರಂತೆ ಏರಿಕೆ. ಹಡಗು ಕಂಪನಿ ಅದನ್ನು ಸರಕಿನವರ ತಲೆಗೆ ಕಟ್ಟುತ್ತದೆ, ಅವರು ನಮ್ಮನ್ನು ಕೇಳುತ್ತಾರೆ ಅಂತ ಕಚೇರಿಯಲ್ಲಿ ಎಲ್ಲರಿಗೂ ದಿಗಿಲು. ದಂಡ ಮುಂದೂಡುತ್ತಾ ಹೋಗಿ 2023ರ ಜನವರಿಯಲ್ಲಿ ರದ್ದಾಯಿತು. ಒಂದು ಡಾಲರ್ ಕೂಡ ವಸೂಲಿ ಆಗಲಿಲ್ಲ. ಹಳೆಯ ಡಬ್ಬಗಳು ಕಡಿಮೆಯಾದದ್ದು ಮಾತ್ರ ನಿಜ.

ಶ್ರೇಯಸ್ಸು ಕೇಳುವವರ ಫೋಟೋಗಳನ್ನೂ ಪರೀಕ್ಷಿಸಿ. 2021ರ ನವೆಂಬರ್ ಮಧ್ಯದಲ್ಲಿ ಕ್ಯೂ ನಿಯಮ ಬದಲಾಯಿತು. ಹಡಗುಗಳು ದಡದ ಹತ್ತಿರ ಲಂಗರು ಹಾಕದೆ ದೂರದ ಸಮುದ್ರದಲ್ಲಿ ಕಾಯತೊಡಗಿದವು. ಗಾಳಿ ಶುದ್ಧವಾಗಲು, ಅಪಘಾತ ತಪ್ಪಲು ಅದು ಒಳ್ಳೆಯ ಕ್ರಮವೇ. ಆದರೆ ದಡದಿಂದ ನೋಡಿದರೆ ಕ್ಯೂ ಕರಗಿದ ಹಾಗೆ ಕಾಣುತ್ತಿತ್ತು. ನಿಜವಾದ ಲೆಕ್ಕದಲ್ಲಿ 2022ರ ಜನವರಿಯಲ್ಲಿ 109 ಹಡಗುಗಳು ಸಾಲಿನಲ್ಲಿದ್ದವು. ಸಾಲು ಪೂರ್ತಿ ಮುಗಿದದ್ದು ಆ ವರ್ಷದ ನವೆಂಬರ್‌ನಲ್ಲಿ. ಆಗ ಜನರ ಖರೀದಿ ತಗ್ಗಿತ್ತು. ಬಂದರು ಕಾರ್ಮಿಕರ ಒಪ್ಪಂದದ ಅವಧಿ ಜುಲೈ 1ಕ್ಕೆ ಮುಗಿದಿದ್ದರಿಂದ ಮುಷ್ಕರದ ಭಯಕ್ಕೆ ಎಷ್ಟೋ ಸರಕು ಪೂರ್ವ ಕರಾವಳಿಗೆ ತಿರುಗಿತ್ತು.

ಮುಂದಿನ ಸಲ ಆರೋಪ ಕೇಳಿದಾಗ ನೀವೇ ಅಂಕಿ ತೆಗೆದು ನೋಡಬಹುದು. ಬರುವ ಸರಕಿನ ಅಂದಾಜನ್ನು ಲಾಸ್ ಏಂಜಲೀಸ್ ಬಂದರೇ ಪ್ರಕಟಿಸುತ್ತದೆ. ಡಬ್ಬ ಟರ್ಮಿನಲ್‌ನಲ್ಲಿ ಎಷ್ಟು ದಿನ ಕೂತಿತು, ಚಾಸಿ ಎಷ್ಟು ದಿನ ಹೊರಗಿತ್ತು, ಲಾರಿ ಒಳಗೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು, ಈ ಮೂರನ್ನು ಮೊದಲು ಹುಡುಕಿ. ಲಾರಿಯ ಹೊತ್ತಿನ ಅಂಕಿ ಸಿಕ್ಕರೆ, ಅದರಲ್ಲಿ ಗೇಟ್ ಒಳಗಿನ ಹೊತ್ತು ಮಾತ್ರ ಇದೆಯೋ, ಹೊರಗೆ ರಸ್ತೆಯಲ್ಲಿ ನಿಂತದ್ದೂ ಸೇರಿದೆಯೋ ಅಂತ ಕೆಳಗಿನ ಸಣ್ಣ ಅಕ್ಷರದಲ್ಲಿ ನೋಡಿಕೊಳ್ಳಿ. ನಮ್ಮ ಡ್ರೈವರ್‌ಗಳ ದಿನ ಹಾಳಾಗುತ್ತಿದ್ದದ್ದು ಹೆಚ್ಚಾಗಿ ಗೇಟ್‌ನ ಹೊರಗೇ.