ಸೆಲ್ಫ್ ಹಿಡಿದು ಬಿಡುತ್ತಿದೆಯೇ? ಮೊದಲು ಆವಾಜ್ ಕೇಳಿ

ಜನವರಿ ಬೆಳಿಗ್ಗೆ ತೊಗರಿ ಚೀಲ ಹೇರಿಕೊಂಡ ಪಿಕಪ್ ಕಲಬುರಗಿಯ ನೆಹರೂ ಗಂಜ್‌ನಲ್ಲಿ ಅಡ್ಡ ನಿಂತರೆ ಹಿಂದಿನ ಗಾಡಿಯವರು ಬಾಯಿಗೆ ಬಂದಂತೆ ಬೈಯುತ್ತಾರೆ. ನಾನೂ ಬೈಸಿಕೊಂಡಿದ್ದೇನೆ. ಕೀ ತಿರುಗಿಸಿದರೆ ಸೆಲ್ಫ್, ಅಂದರೆ ಎಂಜಿನ್ ಎಬ್ಬಿಸುವ ಮೋಟಾರ್, ಹಿಡಿಯುತ್ತಿತ್ತು, ಎಂಜಿನ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಬಿಟ್ಟುಬಿಡುತ್ತಿತ್ತು. ನಾಲ್ಕು ಹಮಾಲರು ದಬ್ಬಿದ ಮೇಲೆ ಗಾಡಿ ಹೊರಟಿತು. ಆ ವಾರ ಹೊಸ ಬ್ಯಾಟರಿ ಹಾಕಿಸಿದೆ, ಮರುವಾರ ಸೆಲ್ಫನ್ನೇ ಬದಲಿಸಿದೆ. ರೋಗ ಮಾತ್ರ ಅಲ್ಲೇ ಇತ್ತು. ಕೊನೆಗೆ ಹೋದದ್ದು ರಿಂಗ್ ರಸ್ತೆಯ ಒಬ್ಬ ಉಸ್ತಾದರ ಬಳಿ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದರು: “ಅಣ್ಣಾ, ಆವಾಜ್ ಹ್ಯಾಂಗ ಬರ್ತದ, ಬಾಯಿಲೆ ಮಾಡಿ ತೋರಸ್ರಿ.”

ನಾಚಿಕೆ ಬಿಟ್ಟು ಮಾಡಿ ತೋರಿಸಿದೆ. ನೀವೂ ಅಲ್ಲಿಂದಲೇ ಶುರು ಮಾಡಿ. ‘ಕಟಕಟಕಟ’ ಎಂದು ಬಡಿದುಕೊಂಡರೆ ದೋಷ ಕರೆಂಟಿನದು ಅಥವಾ ಸೆಲ್ಫ್ ಮೇಲಿನ ಸೊಲೆನಾಯ್ಡ್‌ನದು. ‘ಗುಂಯ್’ ಎಂದು ಮೋಟಾರ್ ಒಂದೇ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್, ಅಂದರೆ ಮೋಟಾರಿನ ತಿರುವನ್ನು ಎಂಜಿನ್ನಿಗೆ ದಾಟಿಸುವ ಒಮ್ಮುಖ ಕ್ಲಚ್, ಜಾರುತ್ತಿದೆ. ‘ಕರ್ರ್’ ಎಂದು ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದರೆ ಹಲ್ಲು ಸವೆದಿದೆ, ಇಲ್ಲವೇ ಸೆಲ್ಫ್‌ನ ಬೋಲ್ಟ್ ಸಡಿಲಾಗಿದೆ.

ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿತು. ಆ ‘ಸೆಲ್ಫ್ ಸ್ಟಾರ್ಟರ್’ ನಮ್ಮ ಬಾಯಲ್ಲಿ ಬರೀ ಸೆಲ್ಫ್ ಆಯಿತು. ಅದರ ಬೆನ್ನಿಗೆ ಕೂಸು ಕಟ್ಟಿದಂತೆ ಕೂತಿರುವ ಸಣ್ಣ ಡಬ್ಬಿಯೇ ಸೊಲೆನಾಯ್ಡ್. ಅದರೊಳಗೆ ಎರಡು ಸುರುಳಿಗಳಿವೆ. ಒಂದು ಎಳೆಯುವ ಸುರುಳಿ, ಇನ್ನೊಂದು ಹಿಡಿಯುವ ಸುರುಳಿ. ಕೀ ತಿರುಗಿಸಿದಾಗ ಎರಡೂ ಸೇರಿ ಒಳಗಿನ ಕಬ್ಬಿಣದ ಗುಂಡನ್ನು ಎಳೆಯುತ್ತವೆ. ಅದು ಒಂದು ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ಎಂಜಿನ್ನಿನ ದೊಡ್ಡ ಚಕ್ರದ (ಫ್ಲೈವೀಲ್) ಹಲ್ಲಿನ ರಿಂಗಿಗೆ ತಳ್ಳುತ್ತದೆ, ಇನ್ನೊಂದು ತುದಿಯಲ್ಲಿ ದಪ್ಪ ತಾಮ್ರದ ಕಾಂಟ್ಯಾಕ್ಟ್ ಕೂಡಿಸಿ ಮೋಟಾರಿಗೆ ಕರೆಂಟ್ ಕೊಡುತ್ತದೆ. ಕಾಂಟ್ಯಾಕ್ಟ್ ಕೂಡಿದ ಕ್ಷಣಕ್ಕೆ ಎಳೆಯುವ ಸುರುಳಿಯ ಎರಡೂ ತುದಿಗೆ ಬ್ಯಾಟರಿಯ ವೋಲ್ಟೇಜೇ ಬರುವುದರಿಂದ ಅದರಲ್ಲಿ ಕರೆಂಟ್ ಹರಿಯುವುದು ನಿಲ್ಲುತ್ತದೆ. ಆಮೇಲೆ ಪಿನಿಯನ್ನನ್ನು ಹಿಡಿದು ನಿಲ್ಲಿಸುವುದು ಹಿಡಿಯುವ ಸುರುಳಿ ಒಂದೇ. ಅದು ಕಡಿದಿದ್ದರೆ ಸ್ಪ್ರಿಂಗ್ ಗುಂಡನ್ನು ಹಿಂದೆ ನೂಕುತ್ತದೆ, ಕಾಂಟ್ಯಾಕ್ಟ್ ಬಿಡುತ್ತದೆ, ಎಳೆಯುವ ಸುರುಳಿಗೆ ಮತ್ತೆ ಜೀವ ಬರುತ್ತದೆ. ಕಟಕಟ ಹುಟ್ಟುವುದು ಹೀಗೆ.

ತೊಂದರೆ ಏನೆಂದರೆ, ಬ್ಯಾಟರಿ ಡೌನ್ ಆದಾಗಲೂ ಇದೇ ಸದ್ದು ಬರುತ್ತದೆ. ಮೋಟಾರ್ ನೂರಾರು ಆಂಪಿಯರ್ ಎಳೆದಾಗ ವೋಲ್ಟೇಜ್ ಕುಸಿದು, ಸುರುಳಿ ಸರಿಯಿದ್ದರೂ ಹಿಡಿತ ತಪ್ಪುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದೇ ಇಲ್ಲಿನ ಮುಖ್ಯ ಕೆಲಸ.

ಮೊದಲು ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆದಿಡಿ. ಬ್ಯಾಟರಿಯ ಪ್ಲಸ್ಸಿಗೆ ತಾಗಿದ ಪಾನಾಕ್ಕೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಅದು ಕೆಂಪಗೆ ಕಾಯಲು ಕ್ಷಣ ಸಾಕು.

ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಇನ್ನೊಬ್ಬರಿಗೆ ಕೀ ಹೊಡೆಯಲು ಹೇಳಿ, ಮೀಟರ್ ಮೇಲೇ ಕಣ್ಣಿಡಿ. 9.6ಕ್ಕಿಂತ ಕೆಳಗಿಳಿದರೆ ಚಾರ್ಜ್ ಮಾಡಿಸಿ, ಇಲ್ಲವೇ ಬೇರೆ ಒಳ್ಳೆಯ ಬ್ಯಾಟರಿಯಿಂದ ಜಂಪ್ ಕೊಟ್ಟು ನೋಡಿ. ಮೀಟರ್ ಇಲ್ಲದವರು ಹೆಡ್‌ಲೈಟ್ ಹಚ್ಚಿಕೊಂಡು ಕೀ ಹೊಡೆಯಲಿ. ಕಟಕಟದ ತಾಳಕ್ಕೆ ಲೈಟೂ ಸತ್ತು ಸತ್ತು ಎದ್ದರೆ ಬ್ಯಾಟರಿಯ ಮೇಲೋ ಅದರ ಟರ್ಮಿನಲ್ ಮೇಲೋ ಅನುಮಾನ ಪಡಬೇಕು. ಟರ್ಮಿನಲ್ ಮೇಲೆ ಹಸಿರು-ಬಿಳಿ ಹೂವು ಅರಳಿದ್ದರೆ ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಉಜ್ಜಿ ಬಿಗಿಮಾಡಿ.

ಬ್ಯಾಟರಿ ಗಟ್ಟಿಯಿದೆ, ಆದರೂ ಕಟಕಟ ಅನ್ನುತ್ತಿದೆ ಎಂದರೆ ಕೀಯಿಂದ ಸೊಲೆನಾಯ್ಡ್‌ವರೆಗಿನ ದಾರಿ ನೋಡಿ. ಸೊಲೆನಾಯ್ಡ್‌ನ ದಪ್ಪ ತಂತಿಯ ಟರ್ಮಿನಲ್ ಪಕ್ಕದಲ್ಲೇ ಸಣ್ಣ ತಂತಿಯೊಂದು ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ದಪ್ಪದ್ದಕ್ಕೆ 30, ಸಣ್ಣದಕ್ಕೆ 50 ಎಂದು ನಂಬರು ಬರೆದಿರುತ್ತದೆ. ಸಣ್ಣ ತಂತಿ ಕಳಚಿ, ಬ್ಯಾಟರಿಯ ಪ್ಲಸ್ಸಿನಿಂದ ಒಂದು ವೈರ್ ತಂದು ಆ 50ಕ್ಕೆ ತಾಗಿಸಿ. ಈಗ ಗಟ್ಟಿಯಾಗಿ ಹಿಡಿದು ತಿರುಗಿದರೆ ಸೆಲ್ಫ್‌ಗೆ ರೋಗವಿಲ್ಲ. ದೋಷ ಇರುವುದು ಕೀ ಸ್ವಿಚ್, ರಿಲೇ ಅಥವಾ ನಡುವಿನ ವೈರಿಂಗ್‌ನಲ್ಲಿ. ಹಳೆಯ ಗಾಡಿಗಳ ಕೀ ಸ್ವಿಚ್ ಒಳಗೆ ಸುಟ್ಟು ಕಪ್ಪಾಗಿ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಇನ್ನೊಂದು ಮಾತು: ಕೀ ಬೇಗ ಬಿಟ್ಟರೂ ಸೆಲ್ಫ್ ಬಿಡುತ್ತದೆ. ಅಂಥ ಡ್ರೈವರ್‌ಗಳೂ ಇದ್ದಾರೆ.

ನೇರ ಕೊಟ್ಟರೂ ಕಟಕಟ ಎಂದರೆ ಸೆಲ್ಫ್ ಬಿಚ್ಚುವ ಮೊದಲು ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ, ನೋಡಿ. ಬಹಳ ಜನ ದಾಟಿಕೊಂಡು ಹೋಗುವ ಹೆಜ್ಜೆ ಇದು. ಕಳಚಿದ ಸಣ್ಣ ತಂತಿ ಮತ್ತೆ ಸಿಕ್ಕಿಸಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್‌ನ ಮೈಗೆ ಇಟ್ಟು ಕೀ ಹೊಡೆಯಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ನಮ್ಮ ಕಡೆ ಮಳೆಗಾಲದ ಎರೆಮಣ್ಣು, ಶಹಾಬಾದ್ ಫರಸಿ ಕಲ್ಲಿನ ಗಣಿಯ ಪುಡಿ, ಸೇಡಂ ದಾರಿಯ ಸಿಮೆಂಟ್ ಧೂಳು ಎಲ್ಲ ಸೇರಿ ಎಂಜಿನ್ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಮೇಲೆ ಗಾರೆಯಂತೆ ಕೂರುತ್ತವೆ. ಅದರ ಕೆಳಗೆ ತುಕ್ಕು ಹಿಡಿದದ್ದು ಕಾಣುವುದಿಲ್ಲ. ಹಾಗೆಯೇ ಸೆಲ್ಫ್ ಹಿಡಿದ ಬೋಲ್ಟುಗಳನ್ನೂ ಒಮ್ಮೆ ಬಿಗಿಮಾಡಿ. ಒಂದು ಸಡಿಲಾದರೂ ಅರ್ತ್ ಕೆಡುತ್ತದೆ, ಪಿನಿಯನ್ ಓರೆಯಾಗಿ ಕೂರುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ಸೆಲ್ಫ್ ಇಳಿಸಿ. ಇಳಿಸುವ ಮುಂಚೆ ಬ್ಯಾಟರಿಯ ಮೈನಸ್ ಕಳಚಲು ಮರೆಯಬೇಡಿ. ಸೊಲೆನಾಯ್ಡ್‌ನಿಂದ ಮೋಟಾರಿಗೆ ಹೋಗುವ ದಪ್ಪ ತಂತಿ ಬಿಚ್ಚಿಡಿ. ಬೇರೆ ಬ್ಯಾಟರಿಯ ಪ್ಲಸ್ಸನ್ನು 50ಕ್ಕೆ ಕೊಡಿ, ಮೈನಸ್ಸನ್ನು ಸೊಲೆನಾಯ್ಡ್‌ನ ಮೈಗೂ ಆ ಮೋಟಾರ್ ಟರ್ಮಿನಲ್‌ಗೂ ಎರಡು ವೈರ್‌ನಲ್ಲಿ ಕೊಡಿ. ಪಿನಿಯನ್ ಟಕ್ ಎಂದು ಮುಂದೆ ಬಂದರೆ ಎಳೆಯುವ ಕೆಲಸ ಸರಿ. ಈಗ ಮೋಟಾರ್ ಟರ್ಮಿನಲ್‌ನ ವೈರ್ ಮಾತ್ರ ತೆಗೆಯಿರಿ. ಪಿನಿಯನ್ ಅಲ್ಲೇ ನಿಲ್ಲಬೇಕು. ಹಿಂದೆ ಜಾರಿತೋ, ಹಿಡಿಯುವ ಸುರುಳಿ ಹೋಗಿದೆ, ಸೊಲೆನಾಯ್ಡ್ ಒಂದೇ ಬದಲಿಸಿದರೆ ಸಾಕು. ನಿಂತಿದ್ದರೆ ಮೈಯ ವೈರ್ ತೆಗೆಯಿರಿ, ತಟ್ಟನೆ ಹಿಂದೆ ಸರಿಯಬೇಕು. ಇದೆಲ್ಲ ನಾಲ್ಕೈದು ಸೆಕೆಂಡಿನಲ್ಲಿ ಮುಗಿಯಲಿ, ಇಲ್ಲದಿದ್ದರೆ ಸುರುಳಿ ಸುಟ್ಟೀತು.

ಇಳಿಸಿದ್ದೇ ಆದರೆ ಪಿನಿಯನ್ನನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಕಚ್ಚಿಕೊಳ್ಳಬೇಕು. ಎರಡೂ ಕಡೆ ತಿರುಗಿದರೆ ಬೆಂಡಿಕ್ಸ್ ಹೋಗಿದೆ, ‘ಗುಂಯ್’ ಸದ್ದಿಗೆ ಕಾರಣ ಅದೇ. ಬೆಂಡಿಕ್ಸನ್ನು ಪೆಟ್ರೋಲ್ ಡಬ್ಬಿಯಲ್ಲಿ ಅದ್ದಿ ತೊಳೆಯುವವರಿದ್ದಾರೆ, ಹಾಗೆ ಮಾಡಲು ಬಿಡಬೇಡಿ. ಒಳಗಿನ ಗ್ರೀಸ್ ತೊಳೆದುಹೋಗಿ ಇದ್ದದ್ದೂ ಕೆಡುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೆಲ್ಫ್ ತೆಗೆದ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ರಿಂಗ್ ಹಲ್ಲು ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ ಬಂದಾದಾಗ ಸಾಮಾನ್ಯವಾಗಿ ಎದುರುಬದುರಿನ ಎರಡು ಜಾಗದಲ್ಲೇ ನಿಲ್ಲುತ್ತದೆ, ಹಾಗಾಗಿ ಹಲ್ಲು ಸವೆಯುವುದೂ ಅಲ್ಲೇ. ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡದೆ ರಿಂಗ್ ಚೆನ್ನಾಗಿದೆ ಎನ್ನಬೇಡಿ. ದಾರಿಯಲ್ಲಿ ‘ಕರ್ರ್’ ಎಂದು ಕೈಕೊಟ್ಟರೆ ಕೀ ಬಂದ್ ಮಾಡಿ, ಗೇರಿಗೆ ಹಾಕಿ ಗಾಡಿಯನ್ನು ಒಂದು ಗೇಣು ಮುಂದೆ ದಬ್ಬಿ, ಮತ್ತೆ ನ್ಯೂಟ್ರಲ್‌ಗೆ ತಂದು ಕೀ ಹೊಡೆಯಿರಿ. ಹೊಸ ಹಲ್ಲು ಎದುರಿಗೆ ಬಂದು ಅಂದಿಗೆ ಮನೆ ಮುಟ್ಟುತ್ತೀರಿ. ರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದು ಗ್ಯಾರೇಜಿನ ಕೆಲಸ. ಪರೀಕ್ಷೆಯ ಭರದಲ್ಲಿ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷವಾದರೂ ಆರಲು ಬಿಡಿ, ಮೇ ತಿಂಗಳಲ್ಲಿ ಇನ್ನೂ ಹೆಚ್ಚು.

ನನ್ನ ಪಿಕಪ್‌ನಲ್ಲಿ ಉಸ್ತಾದರ ಮೀಟರ್ ಅರ್ತ್‌ನಲ್ಲಿ ಎರಡು ವೋಲ್ಟ್ ತೋರಿಸಿತು. ಒಣಗಿದ ಎರೆಮಣ್ಣನ್ನು ಸ್ಕ್ರೂಡ್ರೈವರ್‌ನಿಂದ ಕೆತ್ತಿದಾಗ ಒಳಗಿದ್ದ ಪಟ್ಟಿ ಒಂದೆರಡು ಎಳೆಯಲ್ಲಿ ಜೋತಾಡುತ್ತಿತ್ತು. ಹೊಸ ಪಟ್ಟಿ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಎಮರಿ ಕಾಗದದಲ್ಲಿ ತಿಕ್ಕಿ, “ಹೊಡೀರಿ” ಎಂದರು. ಮೊದಲ ಏಟಿಗೇ ಎದ್ದಿತು. ಬಿಚ್ಚಿ ತಂದಿದ್ದ ಹಳೆಯ ಸೆಲ್ಫನ್ನು ಆಮೇಲೆ ಮೇಲಿನ ಮೂರೂ ಪರೀಕ್ಷೆಗೆ ಒಡ್ಡಿದೆ, ಮೂರರಲ್ಲೂ ಪಾಸಾಯಿತು. ಮಂಚದ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ, ಕಸ ಗುಡಿಸುವಾಗೆಲ್ಲ ಮನೆಯವರು ಅದರ ರೇಟು ಕೇಳುತ್ತಾರೆ.